ಭೂಮಿಗೆ ಕ್ಷುದ್ರಗ್ರಹ ಬಡಿಯುತ್ತದೆಯೇ? ಉತ್ತರ ಹುಡುಕುವ ಜಾಲದಲ್ಲಿ ನಮ್ಮ ಹೊಸಕೋಟೆಯೂ ಇದೆ

"ಭೂಮಿಯತ್ತ ಭಾರಿ ಬಂಡೆ ನುಗ್ಗಿ ಬರುತ್ತಿದೆ, ನಾಸಾ ಸತ್ಯ ಮುಚ್ಚಿಡುತ್ತಿದೆ, ನಿಮ್ಮವರಿಗೆಲ್ಲ ತಿಳಿಸಿ" ಎಂಬ ಅರ್ಥದ ಸಂದೇಶ ನಿಮ್ಮ ಫೋನಿಗೂ ಬಂದಿರುತ್ತದೆ. ಜೊತೆಗೆ ಬೆಂಕಿಯುಂಡೆಯ ಒಂದು ಚಿತ್ರ, ಹಿನ್ನೆಲೆಯಲ್ಲಿ ಎದೆ ನಡುಗಿಸುವ ಸಂಗೀತ. ಕೆಲವರು ಹೆದರಿ ಹತ್ತು ಗುಂಪುಗಳಿಗೆ ಕಳಿಸುತ್ತಾರೆ, ಕೆಲವರು ನಕ್ಕು ಅಳಿಸುತ್ತಾರೆ. ಇಬ್ಬರ ಮನಸ್ಸಿನಲ್ಲೂ ಒಂದು ಪ್ರಶ್ನೆ ಹಾಗೇ ಉಳಿಯುತ್ತದೆ: ನಿಜವಾಗಿ ಇಂಥದ್ದೊಂದು ಬಂದರೆ ನಮಗೆ ಹೇಳುವವರು ಯಾರು? ಅವರ ಮಾತನ್ನು ನಂಬುವುದು ಹೇಗೆ?

ಉತ್ತರ ಒಂದು ಸಂಸ್ಥೆಯ ಹೆಸರಿನಲ್ಲಿಲ್ಲ. ಹಲವು ದೇಶಗಳ ವಿಶ್ವವಿದ್ಯಾಲಯಗಳು, ವೀಕ್ಷಣಾಲಯಗಳು, ವಿದ್ಯಾರ್ಥಿಗಳು ಸೇರಿ ಕಟ್ಟಿಕೊಂಡ ಜಾಲಗಳಲ್ಲಿದೆ. ಅಂಥ ಒಂದು ಜಾಲದ ಕೊಂಡಿ ಬೆಂಗಳೂರು ನಗರದಿಂದ ಸುಮಾರು 25 ಕಿಲೋಮೀಟರ್ ದೂರದ ಹೊಸಕೋಟೆಯಲ್ಲಿದೆ. ಈ ಲೇಖನದಲ್ಲಿ ಆ ಜಾಲ ಹೇಗೆ ಕೆಲಸ ಮಾಡುತ್ತದೆ, ಅದಕ್ಕೆ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂಬುದನ್ನು ನೋಡೋಣ.

ಚುಟುಕಾಗಿ

- ಸದ್ಯ ಮುಂದಿನ 100 ವರ್ಷಗಳಲ್ಲಿ ಭೂಮಿಗೆ ಖಚಿತವಾಗಿ ಬಡಿಯುತ್ತದೆ ಎಂದು ಗೊತ್ತಾಗಿರುವ ಯಾವ ದೊಡ್ಡ ಕ್ಷುದ್ರಗ್ರಹವೂ ಇಲ್ಲ.
- 2025ರ ಆರಂಭದಲ್ಲಿ ಸುದ್ದಿಯಾದ '2024 ವೈಆರ್4' ಕ್ಷುದ್ರಗ್ರಹ 2032ರಲ್ಲಿ ಭೂಮಿಗೆ ಬಡಿಯುವುದಿಲ್ಲ.
- ಇಂಥ ಲೆಕ್ಕವನ್ನು ಒಂದೇ ದೇಶ ಗುಟ್ಟಾಗಿ ಮಾಡುವುದಿಲ್ಲ. ಮಾಹಿತಿ ಎಲ್ಲರಿಗೂ ತೆರೆದಿರುತ್ತದೆ.
- "ಇವತ್ತು ರಾತ್ರಿ ಕಾಸ್ಮಿಕ್ ಕಿರಣ ಬರುತ್ತದೆ, ಫೋನ್ ಆಫ್ ಮಾಡಿ" ಎಂಬ ಸಂದೇಶ ಸುಳ್ಳು. ಆದರೆ ಸೌರ ಬಿರುಗಾಳಿ ಎಂಬುದು ನಿಜ.

ಹೊಸಕೋಟೆಯಲ್ಲಿ ಏನಿದೆ?

ಹೊಸಕೋಟೆ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಬೆಳಗಿನ ಜಾವದ ದಮ್ ಬಿರಿಯಾನಿ, ಹೆದ್ದಾರಿಯ ಟೋಲ್, ದೊಡ್ಡ ಕೆರೆ. ಊರಿನಿಂದ ಶಿಡ್ಲಘಟ್ಟದ ಕಡೆ ಹೋಗುವ ರಸ್ತೆಯಲ್ಲಿ 'ಕ್ರೆಸ್ಟ್' ಎಂಬ ಆವರಣವೂ ಇದೆ. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಅಡಿಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ (ಐಐಎ) ಸಂಶೋಧನಾ ಕೇಂದ್ರ ಇದು. ಸಂಸ್ಥೆಯ ಮುಖ್ಯ ಕಚೇರಿ ಬೆಂಗಳೂರಿನ ಕೋರಮಂಗಲದಲ್ಲಿದೆ.

ಲಡಾಖ್‌ನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದ ಬೆಟ್ಟದ ಮೇಲೆ, 2 ಮೀಟರ್ ಅಗಲದ ಕನ್ನಡಿಯಿರುವ 'ಹಿಮಾಲಯನ್ ಚಂದ್ರ ಟೆಲಿಸ್ಕೋಪ್' ಇದೆ. ಖಭೌತ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರನ್ನು ಅದಕ್ಕೆ ಇಡಲಾಗಿದೆ. 2000ನೇ ಇಸವಿಯಲ್ಲಿ ಅದು ಮೊದಲ ಸಲ ಆಕಾಶದತ್ತ ಕಣ್ಣು ತೆರೆಯಿತು. ಅದನ್ನು ನಡೆಸುವವರು ಮಾತ್ರ ಕುಳಿತಿರುವುದು ಹೊಸಕೋಟೆಯಲ್ಲಿ. ಎರಡು ಊರುಗಳ ನಡುವೆ ನೇರ ಗೆರೆ ಎಳೆದರೂ ಸುಮಾರು 2,200 ಕಿಲೋಮೀಟರ್ ದೂರ. ಕ್ರೆಸ್ಟ್‌ನ ನಿಯಂತ್ರಣ ಕೊಠಡಿಯಿಂದ ಉಪಗ್ರಹ ಸಂಪರ್ಕದ ಮೂಲಕ ಆದೇಶ ಹೋಗುತ್ತದೆ, ಬೆಟ್ಟದ ಮೇಲೆ ಟೆಲಿಸ್ಕೋಪ್ ತಿರುಗುತ್ತದೆ, ತೆಗೆದ ಚಿತ್ರ ಹೊಸಕೋಟೆಗೆ ಬರುತ್ತದೆ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಕ್ಕೆ ಹೋಗಿ ಕೆಳಗಿಳಿಯಲು ಒಂದು ಆದೇಶಕ್ಕೆ ಹಿಡಿಯುವ ಸಮಯ ಸುಮಾರು ಕಾಲು ಸೆಕೆಂಡ್.

ಇಷ್ಟೆಲ್ಲ ಸುತ್ತು ಯಾಕೆ? ಹಾನ್ಲೆಯ ಗಾಳಿ ಒಣ ಮತ್ತು ತೆಳು, ಆಕಾಶ ಕಡುಗಪ್ಪು, ಮೋಡವೂ ಕಡಿಮೆ. ಟೆಲಿಸ್ಕೋಪ್‌ಗೆ ಅದು ಹೇಳಿ ಮಾಡಿಸಿದ ಜಾಗ. ಮನುಷ್ಯರಿಗೆ ಹಾಗಲ್ಲ. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಊರುಗಳಿಗಿಂತ ಬಹಳ ಕಡಿಮೆ, ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿಗೂ ಕೆಳಗಿಳಿಯುತ್ತದೆ. ಹಾಗಾಗಿ ಯಂತ್ರವನ್ನು ನೋಡಿಕೊಳ್ಳುವ ಕೆಲವೇ ಮಂದಿ ಮೇಲೆ ಇರುತ್ತಾರೆ. ರಾತ್ರಿಯಿಡೀ ಆಕಾಶ ನೋಡುವ ಕೆಲಸ ಹೊಸಕೋಟೆಯಿಂದ ನಡೆಯುತ್ತದೆ. ಯಾವ ರಾತ್ರಿ ಯಾರು, ಏನನ್ನು ನೋಡಬೇಕು ಎಂಬುದಕ್ಕೆ ಸಂಶೋಧಕರು ಮೊದಲೇ ಅರ್ಜಿ ಹಾಕಬೇಕು. ತಜ್ಞರ ಸಮಿತಿ ಆರಿಸಿ ಸಮಯ ಕೊಡುತ್ತದೆ. ಆಕಾಶದಲ್ಲಿ ದಿಢೀರನೆ ಏನಾದರೂ ಸಂಭವಿಸಿದರೆ ನಿಗದಿತ ಕೆಲಸ ಬದಿಗಿಟ್ಟು ಅದರತ್ತ ತಿರುಗುವ ಅವಕಾಶವೂ ಇದೆ.

ಒಂದು ಟೆಲಿಸ್ಕೋಪ್ ಯಾಕೆ ಸಾಲದು?

ಆಕಾಶದಲ್ಲಿ ಕೆಲವು ಘಟನೆಗಳು ಕೆಲವೇ ಗಂಟೆ ಇರುತ್ತವೆ. ನಕ್ಷತ್ರ ಸಿಡಿಯುತ್ತದೆ, ಕ್ಷುದ್ರಗ್ರಹ ಹಾದು ಹೋಗುತ್ತದೆ. ಅದೇ ಹೊತ್ತಿಗೆ ನಿಮ್ಮ ಊರಲ್ಲಿ ಸೂರ್ಯ ಹುಟ್ಟಿದರೆ ಅಥವಾ ಮೋಡ ಮುಚ್ಚಿದರೆ ಎಷ್ಟು ದೊಡ್ಡ ಟೆಲಿಸ್ಕೋಪ್ ಇದ್ದರೂ ಪ್ರಯೋಜನವಿಲ್ಲ. ಭೂಮಿ ತಿರುಗುವುದನ್ನು ಯಾರೂ ನಿಲ್ಲಿಸಲಾರರು. ಇರುವ ಉಪಾಯ ಒಂದೇ. ಒಬ್ಬರ ಊರಲ್ಲಿ ಬೆಳಗಾಗುವ ಹೊತ್ತಿಗೆ ಕತ್ತಲಾಗುವ ಇನ್ನೊಂದು ಊರಿನವರಿಗೆ ಕೆಲಸ ದಾಟಿಸುವುದು.

ಈ ಉಪಾಯದ ಮೇಲೆ ಕಟ್ಟಿದ್ದೇ 'ಗ್ರೋತ್' ಎಂಬ ಜಾಲ. ಹೆಸರಿನಲ್ಲೇ 'ರಿಲೇ' ಎಂಬ ಪದವಿದೆ. ಕ್ಷಣಿಕ ಘಟನೆಗಳನ್ನು ಗಮನಿಸುವ ವೀಕ್ಷಣಾಲಯಗಳ ಜಾಗತಿಕ ರಿಲೇ ಎಂದು ಅದನ್ನು ಕನ್ನಡದಲ್ಲಿ ಹೇಳಬಹುದು. ಶಾಲೆಯ ರಿಲೇ ಓಟದಲ್ಲಿ ಕೋಲು ಕೈಯಿಂದ ಕೈಗೆ ಹೋಗುವ ಹಾಗೆ ಇಲ್ಲಿ ರಾತ್ರಿ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುತ್ತದೆ. ಅಮೆರಿಕದ ಕ್ಯಾಲ್‌ಟೆಕ್ ಇದರ ಮುಂದಾಳತ್ವ ವಹಿಸಿತು. ಆ ದೇಶದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಅಂತರರಾಷ್ಟ್ರೀಯ ಸಹಯೋಗ ಯೋಜನೆಯಿಂದ ಹಣ ಬಂತು. ತೈವಾನ್‌ನ ನ್ಯಾಷನಲ್ ಸೆಂಟ್ರಲ್ ವಿಶ್ವವಿದ್ಯಾಲಯ, ಟೋಕಿಯೊ ತಾಂತ್ರಿಕ ಸಂಸ್ಥೆ, ಸ್ವೀಡನ್‌ನ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯ, ಇಸ್ರೇಲ್‌ನ ವೈಜ್ಮನ್ ಸಂಸ್ಥೆ ಮುಂತಾದವು ಸೇರಿದವು. ಭಾರತದಿಂದ ಐಐಎ ಮತ್ತು ಐಐಟಿ ಬಾಂಬೆ ಕೈಜೋಡಿಸಿದವು.

ಈ ಎರಡು ಸಂಸ್ಥೆಗಳು ಸೇರಿ 2018ರಲ್ಲಿ ಹಾನ್ಲೆಯಲ್ಲಿ 70 ಸೆಂಟಿಮೀಟರ್ ಕನ್ನಡಿಯ 'ಗ್ರೋತ್-ಇಂಡಿಯಾ' ಟೆಲಿಸ್ಕೋಪ್ ಸ್ಥಾಪಿಸಿದವು. ಸಂಶೋಧನೆಗೆಂದು ಕಟ್ಟಿದ, ತಾನಾಗಿಯೇ ಕೆಲಸ ಮಾಡುವ ಭಾರತದ ಮೊದಲ ಆಪ್ಟಿಕಲ್ ಟೆಲಿಸ್ಕೋಪ್ ಇದು. ಅಳತೆಯಲ್ಲಿ ಚಿಕ್ಕದಾದರೂ ಅದು ನಿಂತ ಜಾಗ ಮುಖ್ಯ. ಕ್ಯಾಲಿಫೋರ್ನಿಯಾದ ಪಾಲೋಮರ್ ವೀಕ್ಷಣಾಲಯ ಮತ್ತು ಹಾನ್ಲೆ ಭೂಮಿಯ ಎದುರುಬದುರು ಬದಿಗಳಲ್ಲಿವೆ. ಅಲ್ಲಿ ಬೆಳಗಾಗುವ ಹೊತ್ತಿಗೆ ಇಲ್ಲಿ ಸಂಜೆ.

2017ರ ಆಗಸ್ಟ್ 17ರಂದು ಇಂಥ ಸಹಕಾರದ ಬೆಲೆ ಜಗತ್ತಿಗೇ ಕಂಡಿತು. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದ ಸಂಕೇತ ಅಮೆರಿಕ ಮತ್ತು ಇಟಲಿಯ ಗುರುತ್ವ ಅಲೆ ಪತ್ತೆಕೇಂದ್ರಗಳಿಗೆ ಸಿಕ್ಕಿತು. ಎರಡು ಸೆಕೆಂಡ್‌ಗಳೊಳಗೆ ಗಾಮಾ ಕಿರಣ ಬಂತು. ಸುಮಾರು 11 ಗಂಟೆಗಳ ನಂತರ ಚಿಲಿಯ ಟೆಲಿಸ್ಕೋಪ್ ಒಂದಕ್ಕೆ ಆ ಬೆಳಕು ಕಂಡಿತು. ಆಮೇಲೆ ಸುಮಾರು 70 ವೀಕ್ಷಣಾಲಯಗಳು ಸರದಿಯ ಮೇಲೆ ಅದನ್ನು ನೋಡಿದವು. ಪುಣೆ ಬಳಿಯ ದೈತ್ಯ ರೇಡಿಯೊ ಟೆಲಿಸ್ಕೋಪ್ ಕೂಡ ಅತ್ತ ಕಿವಿಗೊಟ್ಟಿತು. ಚಿನ್ನ, ಪ್ಲಾಟಿನಂನಂಥ ಲೋಹಗಳು ಇಂಥ ಡಿಕ್ಕಿಗಳಲ್ಲಿ ಹುಟ್ಟುತ್ತವೆ ಎಂಬುದಕ್ಕೆ ಬಲವಾದ ಸಾಕ್ಷಿ ಸಿಕ್ಕಿದ್ದು ಹೀಗೆ. ಯಾವುದೇ ಒಂದು ದೇಶ ಒಬ್ಬಂಟಿಯಾಗಿ ಇದನ್ನು ಮಾಡಲು ಆಗುತ್ತಿರಲಿಲ್ಲ.

ಕ್ಷುದ್ರಗ್ರಹ ಹಿಡಿದ ವಿದ್ಯಾರ್ಥಿಗಳು

2020ರ ಆಗಸ್ಟ್ 16ರಂದು ಕಾರಿನಷ್ಟು ಗಾತ್ರದ ಒಂದು ಕ್ಷುದ್ರಗ್ರಹ ಭೂಮಿಯ ಮೇಲ್ಮೈಯಿಂದ ಕೇವಲ 2,950 ಕಿಲೋಮೀಟರ್ ಎತ್ತರದಲ್ಲಿ ಹಾದು ಹೋಯಿತು. ಹೊಸಕೋಟೆಯಿಂದ ಹಾನ್ಲೆಗೆ ಇರುವ ದೂರಕ್ಕಿಂತ ಸ್ವಲ್ಪವೇ ಹೆಚ್ಚು! ಅಲ್ಲಿಯವರೆಗೆ ಗೊತ್ತಿದ್ದವುಗಳಲ್ಲಿ ಭೂಮಿಗೆ ಬಡಿಯದೆ ಇಷ್ಟು ಹತ್ತಿರ ಬಂದುಹೋದದ್ದು ಅದೇ ಮೊದಲು. ಭೂಮಿಯ ಸೆಳೆತಕ್ಕೆ ಅದರ ದಾರಿ ಸುಮಾರು 45 ಡಿಗ್ರಿಯಷ್ಟು ಬಾಗಿತು. ಅದಕ್ಕೆ '2020 ಕ್ಯೂಜಿ' ಎಂದು ಹೆಸರಿಟ್ಟರು.

ಪಾಲೋಮರ್‌ನ ಟೆಲಿಸ್ಕೋಪ್ ಆಕಾಶದ ಸಾವಿರಾರು ಚಿತ್ರಗಳನ್ನು ತೆಗೆಯುತ್ತದೆ. ವೇಗವಾಗಿ ಚಲಿಸುವ ವಸ್ತು ಅದರಲ್ಲಿ ಸಣ್ಣ ಗೀರಿನ ಹಾಗೆ ಕಾಣುತ್ತದೆ. ಕಂಪ್ಯೂಟರ್ ಅಂಥ ಗೀರುಗಳನ್ನು ಆರಿಸಿ ಕೊಡುತ್ತದೆ. ಅವುಗಳಲ್ಲಿ ಉಪಗ್ರಹದ ಗೀರು ಯಾವುದು, ಕ್ಷುದ್ರಗ್ರಹದ್ದು ಯಾವುದು ಎಂದು ಮನುಷ್ಯರ ಕಣ್ಣೇ ಪರೀಕ್ಷಿಸಬೇಕು. ಅಮೆರಿಕದಲ್ಲಿ ರಾತ್ರಿಯಾದರೆ ಏಷ್ಯಾದಲ್ಲಿ ಹಗಲು. ಗ್ರೋತ್ ಜಾಲದ ಭಾಗವಾಗಿ ಈ ಕೆಲಸದಲ್ಲಿದ್ದ ಐಐಟಿ ಬಾಂಬೆಯ ಇಬ್ಬರು ವಿದ್ಯಾರ್ಥಿಗಳು ಮತ್ತು ತೈವಾನ್‌ನ ಒಬ್ಬರು ಆ ಗೀರನ್ನು ಗುರುತಿಸಿದರು.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕ್ಷುದ್ರಗ್ರಹ ಪತ್ತೆಯಾಗಿದ್ದು ಅದು ಭೂಮಿಗೆ ಅತಿ ಹತ್ತಿರ ಬಂದು ಸುಮಾರು ಆರು ಗಂಟೆ ಕಳೆದ ಮೇಲೆ. ಅಷ್ಟು ಚಿಕ್ಕ ಬಂಡೆಗಳನ್ನು ಮೊದಲೇ ಹಿಡಿಯುವುದು ಬಹಳ ಕಷ್ಟ. ಅದು ನೇರವಾಗಿ ನಮ್ಮತ್ತ ಬಂದಿದ್ದರೂ ಹೆಚ್ಚಿನ ಭಾಗ ವಾತಾವರಣದಲ್ಲೇ ಉರಿದು ಹೋಗುತ್ತಿತ್ತು. ಅಪಾಯ ಹೆಚ್ಚುವುದು ಗಾತ್ರ ಹೆಚ್ಚಿದಂತೆ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸಿಡಿದ ಬಂಡೆ ಸುಮಾರು 20 ಮೀಟರ್ ಅಗಲವಿತ್ತು. ಸುಮಾರು 1,500 ಜನ ಗಾಯಗೊಂಡರು. ಹೆಚ್ಚಿನವರಿಗೆ ತಾಗಿದ್ದು ಬಂಡೆಯಲ್ಲ, ಒಡೆದ ಕಿಟಕಿಯ ಗಾಜು. ಆಕಾಶದಲ್ಲಿ ಬೆಳಕು ಕಂಡು ಏನೆಂದು ನೋಡಲು ಕಿಟಕಿಗೆ ಬಂದವರಿಗೆ ಕೆಲ ಹೊತ್ತಿನ ನಂತರ ಸ್ಫೋಟದ ಅಲೆ ಬಂದು ಬಡಿಯಿತು. ಹಾಗಾಗಿ ಆಕಾಶದಲ್ಲಿ ಕಣ್ಣು ಕೋರೈಸುವ ಮಿಂಚು ಕಂಡರೆ ಕಿಟಕಿಯಿಂದ ದೂರ ಸರಿಯಿರಿ. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನು ಮಾಡಬಹುದು.

2032ರ ಕ್ಷುದ್ರಗ್ರಹ: ಶೇಕಡಾ 3 ಇದ್ದದ್ದು ಸೊನ್ನೆಯಾಗಿದ್ದು ಹೇಗೆ?

2024ರ ಡಿಸೆಂಬರ್ 27ರಂದು ಚಿಲಿಯಲ್ಲಿರುವ 'ಅಟ್ಲಾಸ್' ಟೆಲಿಸ್ಕೋಪ್ ಒಂದು ಕ್ಷುದ್ರಗ್ರಹ ಕಂಡುಹಿಡಿಯಿತು. ಅಟ್ಲಾಸ್ ವ್ಯವಸ್ಥೆಯನ್ನು ನಡೆಸುವುದು ಹವಾಯಿ ವಿಶ್ವವಿದ್ಯಾಲಯ, ಹಣ ನಾಸಾದ್ದು. ಇದಕ್ಕೆ ಇಟ್ಟ ಹೆಸರು '2024 ವೈಆರ್4'. 2032ರ ಡಿಸೆಂಬರ್ 22ರಂದು ಅದು ಭೂಮಿಗೆ ಬಡಿಯುವ ಸಾಧ್ಯತೆ ಜನವರಿ ಕೊನೆಗೆ ಶೇಕಡಾ 1 ದಾಟಿತು. ಅಂತರರಾಷ್ಟ್ರೀಯ ಕ್ಷುದ್ರಗ್ರಹ ಎಚ್ಚರಿಕೆ ಜಾಲ ಅಧಿಕೃತ ಸೂಚನೆ ಹೊರಡಿಸಿತು. ಫೆಬ್ರವರಿ 18ರಂದು ನಾಸಾ ಲೆಕ್ಕದಲ್ಲಿ ಸಾಧ್ಯತೆ ಶೇಕಡಾ 3.1 ಮುಟ್ಟಿತು. ಬಡಿಯಬಹುದಾದ ಪಟ್ಟಿ ಪೆಸಿಫಿಕ್ ಸಾಗರದಿಂದ ಆಫ್ರಿಕಾ, ಅರಬ್ಬಿ ಸಮುದ್ರ ದಾಟಿ ದಕ್ಷಿಣ ಏಷ್ಯಾದವರೆಗೆ ಚಾಚಿತ್ತು. ನಮ್ಮ ದೇಶದ ನಗರಗಳ ಹೆಸರು ಹಾಕಿದ ವಿಡಿಯೊಗಳು ಹರಿದಾಡಿದ್ದು ಆಗಲೇ. ಮುಂದಿನ ಒಂದೇ ವಾರದಲ್ಲಿ ಸಾಧ್ಯತೆ ಶೇಕಡಾ 0.004ಕ್ಕೆ ಇಳಿಯಿತು. ಭೂಮಿಗೆ ಅಪಾಯವಿಲ್ಲ ಎಂದು ಘೋಷಿಸಲಾಯಿತು.

"ಮೊದಲು ಹೆದರಿಸಿದರು, ಆಮೇಲೆ ಸುಮ್ಮನಾಗಿಸಿದರು" ಎಂದು ಅನೇಕರು ಇದನ್ನು ಅರ್ಥ ಮಾಡಿಕೊಂಡರು. ನಡೆದದ್ದು ಹಾಗಲ್ಲ. ಒಂದು ಲೆಕ್ಕ ನೋಡಿ.

ಕಲ್ಯಾಣ ಮಂಟಪದಲ್ಲಿ 100 ಕುರ್ಚಿಗಳಿವೆ. ಯಾವುದೋ ಒಂದರ ಕೆಳಗೆ ಬೀಗದ ಕೈ ಬಿದ್ದಿದೆ. ಅದು ನಿಮ್ಮ ಕುರ್ಚಿಯ ಕೆಳಗಿರುವ ಸಾಧ್ಯತೆ ಶೇಕಡಾ 1. ಹುಡುಕುತ್ತಾ ಬಂದ ಹುಡುಗರು 50 ಕುರ್ಚಿ ನೋಡಿದರು, ಸಿಗಲಿಲ್ಲ. ಈಗ ಉಳಿದ 50ರಲ್ಲಿ ನಿಮ್ಮದೂ ಒಂದು. ಸಾಧ್ಯತೆ ಶೇಕಡಾ 2 ಆಯಿತು. ಇನ್ನೂ 17 ನೋಡಿದರು. ಉಳಿದದ್ದು 33, ಸಾಧ್ಯತೆ ಸುಮಾರು ಶೇಕಡಾ 3. ಬೀಗದ ಕೈ ಜಾಗ ಬಿಟ್ಟು ಕದಲಿಲ್ಲ, ಯಾರೂ ಸುಳ್ಳು ಹೇಳಲಿಲ್ಲ. ಆದರೂ ಅಂಕಿ ಏರಿತು. ನಂತರದ ಕುರ್ಚಿಯ ಕೆಳಗೆ ಬೀಗದ ಕೈ ಸಿಕ್ಕರೆ? ನಿಮ್ಮ ಸಾಧ್ಯತೆ ಒಂದೇ ಏಟಿಗೆ ಸೊನ್ನೆ.

ಕ್ಷುದ್ರಗ್ರಹದ ವಿಷಯವೂ ಹೀಗೆಯೇ. ಮೊದಲ ದಿನಗಳಲ್ಲಿ ಅದರ ದಾರಿ ಸರಿಯಾಗಿ ಗೊತ್ತಿರುವುದಿಲ್ಲ. ಎಲ್ಲಿ ಬೇಕಾದರೂ ಹೋಗಬಹುದಾದ ಅಗಲವಾದ ಒಂದು ಪಟ್ಟಿ ಇರುತ್ತದೆ, ಭೂಮಿ ಆ ಪಟ್ಟಿಯೊಳಗಿನ ಒಂದು ಚುಕ್ಕೆ. ಹೊಸ ವೀಕ್ಷಣೆ ಬಂದಂತೆ ಪಟ್ಟಿ ಕಿರಿದಾಗುತ್ತದೆ. ಭೂಮಿ ಇನ್ನೂ ಒಳಗೇ ಇದ್ದರೆ ಶೇಕಡಾವಾರು ಏರುತ್ತದೆ. ಪಟ್ಟಿ ಇನ್ನಷ್ಟು ಕಿರಿದಾಗಿ ಭೂಮಿ ಹೊರಗುಳಿದ ದಿನ ಅಂಕಿ ಕುಸಿಯುತ್ತದೆ. ಹಾಗಾಗಿ ಅಂಕಿ ಏರಿದ್ದೂ ಇಳಿದದ್ದೂ ಒಂದೇ ಕೆಲಸದ ಎರಡು ಹಂತ. ಹಲವು ದೇಶಗಳ ಟೆಲಿಸ್ಕೋಪ್‌ಗಳು ಸರದಿಯ ಮೇಲೆ ನೋಡದೆ ಇದ್ದಿದ್ದರೆ ಆ ಶೇಕಡಾ 3 ಹಾಗೇ ಉಳಿದು ವರ್ಷಗಟ್ಟಲೆ ನಮ್ಮನ್ನು ಕಾಡುತ್ತಿತ್ತು.

ಮುಚ್ಚಿಡಲು ಸಾಧ್ಯವೇ?

ಯಾರೇ ಕ್ಷುದ್ರಗ್ರಹ ಕಂಡರೂ ಅದರ ಅಳತೆಗಳನ್ನು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿರುವ 'ಮೈನರ್ ಪ್ಲಾನೆಟ್ ಸೆಂಟರ್'ಗೆ ಕಳಿಸುತ್ತಾರೆ. ಅದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಡಿಯಲ್ಲಿ ನಡೆಯುವ ಕೇಂದ್ರ. ಅಲ್ಲಿಗೆ ಬಂದ ಅಳತೆಗಳನ್ನು ಯಾರು ಬೇಕಾದರೂ ನೋಡಬಹುದು, ಗಣಿತ ಬಲ್ಲವರು ತಾವೇ ದಾರಿ ಲೆಕ್ಕ ಹಾಕಬಹುದು. ಹವ್ಯಾಸಿ ಖಗೋಳ ವೀಕ್ಷಕರೂ ಅಳತೆ ಕಳಿಸುತ್ತಾರೆ.

ನಾಸಾ ಒಂದು ಲೆಕ್ಕ ಮಾಡಿದರೆ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ ತನ್ನದೇ ಲೆಕ್ಕ ಮಾಡುತ್ತದೆ. ಇಟಲಿಯ ಪೀಸಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಮತ್ತೊಂದು ವ್ಯವಸ್ಥೆಯೂ ಇದೆ. ವೈಆರ್4 ವಿಷಯದಲ್ಲಿ ನಾಸಾ 3.1 ಎಂದಾಗ ಯುರೋಪಿನವರ ಅಂಕಿ 2.8 ಆಗಿತ್ತು. ಈ ಚಿಕ್ಕ ವ್ಯತ್ಯಾಸವನ್ನು ನೋಡಿ ನಮಗೆ ಸಮಾಧಾನವಾಗಬೇಕು. ಒಬ್ಬರು ಇನ್ನೊಬ್ಬರ ಉತ್ತರ ನಕಲು ಮಾಡಿಲ್ಲ ಎಂಬುದು ಅದರಿಂದ ತಿಳಿಯುತ್ತದೆ. ಇಷ್ಟು ದೇಶಗಳ, ಇಷ್ಟು ಸಂಸ್ಥೆಗಳ ವಿದ್ಯಾರ್ಥಿಗಳ ಕಣ್ಣೆದುರು ಒಂದು ಬಂಡೆಯನ್ನು ಮುಚ್ಚಿಡುವುದು ಆಗದ ಮಾತು.

ಕಾಸ್ಮಿಕ್ ಕಿರಣ, ಸೌರ ಬಿರುಗಾಳಿ: ಯಾವುದು ನಿಜ?

"ಇವತ್ತು ರಾತ್ರಿ 12.30ರಿಂದ 3.30ರವರೆಗೆ ಮಂಗಳ ಗ್ರಹದಿಂದ ಕಾಸ್ಮಿಕ್ ಕಿರಣ ಬರುತ್ತದೆ, ಫೋನ್ ಆಫ್ ಮಾಡಿ ದೂರ ಇಡಿ" ಎಂಬ ಸಂದೇಶ ಎಷ್ಟೋ ವರ್ಷಗಳಿಂದ ಸುತ್ತುತ್ತಿದೆ. ಸಿಂಗಪುರದ ಟಿವಿ, ನಾಸಾ, ಬಿಬಿಸಿ ಹೆಸರುಗಳನ್ನೂ ಅದಕ್ಕೆ ಸೇರಿಸಿರುತ್ತಾರೆ. ಇದು ಸುಳ್ಳು. ಕಾಸ್ಮಿಕ್ ಕಿರಣಗಳು ದಿನದ 24 ಗಂಟೆಯೂ ಎಲ್ಲ ದಿಕ್ಕಿನಿಂದ ಬರುತ್ತಲೇ ಇರುತ್ತವೆ. ಭೂಮಿಯ ಕಾಂತಕ್ಷೇತ್ರ ಮತ್ತು ವಾತಾವರಣ ಅವುಗಳಲ್ಲಿ ಹೆಚ್ಚಿನದನ್ನು ತಡೆಯುತ್ತವೆ. ಫೋನ್ ಅವನ್ನು ಸೆಳೆಯುವುದಿಲ್ಲ. ಇನ್ನೊಂದು ಮಾತು: ಸಿಂಗಪುರದಲ್ಲಿ ರಾತ್ರಿ 12.30 ಆದಾಗ ನಮಗೆ ಇನ್ನೂ 10 ಗಂಟೆ. ಕಿರಣ ಯಾರ ಗಡಿಯಾರ ನೋಡಿಕೊಂಡು ಬರುತ್ತದೆ?

ಸೌರ ಬಿರುಗಾಳಿ ಮಾತ್ರ ನಿಜವಾದ ಅಪಾಯ. ಸೂರ್ಯನಿಂದ ವಿದ್ಯುದಾವೇಶವುಳ್ಳ ಕಣಗಳ ಭಾರಿ ಮೋಡ ಹೊರಚಿಮ್ಮಿ ಭೂಮಿಯ ಕಾಂತಕ್ಷೇತ್ರವನ್ನು ಅಲ್ಲಾಡಿಸುತ್ತದೆ. 1989ರ ಮಾರ್ಚ್ 13ರಂದು ಇಂಥ ಬಿರುಗಾಳಿಯಿಂದ ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು 60 ಲಕ್ಷ ಜನರಿಗೆ ಒಂಬತ್ತು ಗಂಟೆ ಕರೆಂಟ್ ಇರಲಿಲ್ಲ. 2024ರ ಮೇ 10 ಮತ್ತು 11ರ ಬಿರುಗಾಳಿ ಎರಡು ದಶಕಗಳಲ್ಲೇ ಪ್ರಬಲವಾದದ್ದು. ಆ ರಾತ್ರಿ ಹಾನ್ಲೆಯ ಕ್ಯಾಮೆರಾಗಳಲ್ಲಿ ಆಕಾಶದ ಅಂಚು ಕೆಂಪಾಗಿ ಕಂಡಿತು. ಅಮೆರಿಕದಲ್ಲಿ ಜಿಪಿಎಸ್ ನಂಬಿ ಬಿತ್ತನೆ ಮಾಡುತ್ತಿದ್ದ ರೈತರ ಟ್ರ್ಯಾಕ್ಟರ್‌ಗಳು ದಾರಿ ತಪ್ಪಿದವು. ನಮ್ಮ ಫೋನುಗಳಿಗೆ ಏನೂ ಆಗಲಿಲ್ಲ. ಅಂದರೆ ಈ ಬಿರುಗಾಳಿಯ ಚಿಂತೆ ವಿದ್ಯುತ್ ಜಾಲ, ಉಪಗ್ರಹ, ವಿಮಾನ ಸಂಚಾರ ನೋಡಿಕೊಳ್ಳುವವರದ್ದು. ನಿಮ್ಮ ದಿಂಬಿನ ಪಕ್ಕದ ಫೋನಿನದ್ದಲ್ಲ.

ಇಲ್ಲೂ ಹೊಸಕೋಟೆಯ ಪಾಲಿದೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣ, ಸೂರ್ಯನ ಹೊರವಲಯವನ್ನು ನೋಡುವ 'ವೆಲ್ಕ್', ಸಿದ್ಧವಾದದ್ದು ಕ್ರೆಸ್ಟ್ ಆವರಣದ ಪ್ರಯೋಗಾಲಯದಲ್ಲಿ. ಅದಕ್ಕೂ ಮೊದಲು, 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್‌ನ ಅತಿನೇರಳೆ ಟೆಲಿಸ್ಕೋಪ್ ಕೂಡ ಇಲ್ಲೇ ಜೋಡಣೆಯಾಯಿತು. ಅದರಲ್ಲಿ ಕೆನಡಾದ ಬಾಹ್ಯಾಕಾಶ ಸಂಸ್ಥೆ ಪಾಲುದಾರನಾಗಿತ್ತು.

ಜಾಲಕ್ಕೂ ಮಿತಿಗಳಿವೆ

ಇಷ್ಟೆಲ್ಲ ಹೇಳಿ ಇಂಥ ಸಹಯೋಗಗಳೆಲ್ಲ ಸಲೀಸಾಗಿ ನಡೆಯುತ್ತವೆ ಎಂದರೆ ಅದೂ ತಪ್ಪು ಮಾಹಿತಿಯಾಗುತ್ತದೆ. 'ಥರ್ಟಿ ಮೀಟರ್ ಟೆಲಿಸ್ಕೋಪ್' ಇದಕ್ಕೆ ಉದಾಹರಣೆ. ಕ್ಯಾಲ್‌ಟೆಕ್, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಜಪಾನ್, ಕೆನಡಾ, ಭಾರತ ಸೇರಿ ಕಟ್ಟಬೇಕೆಂದಿರುವ ಇದರ ಮುಖ್ಯ ಕನ್ನಡಿ 30 ಮೀಟರ್ ಅಗಲ. ಅಷ್ಟು ದೊಡ್ಡ ಒಂದೇ ಕನ್ನಡಿ ಮಾಡಲಾಗದ ಕಾರಣ 492 ಷಟ್ಕೋನದ ತುಂಡುಗಳನ್ನು ಜೋಡಿಸಬೇಕು. ಅವುಗಳಲ್ಲಿ ಭಾರತದ ಪಾಲಿನ ತುಂಡುಗಳನ್ನು ಪಾಲಿಶ್ ಮಾಡಲು ಕ್ರೆಸ್ಟ್‌ನಲ್ಲಿ ಘಟಕ ಕಟ್ಟಲಾಗಿದೆ. ಗಾಜನ್ನು ಲೆಕ್ಕಾಚಾರದ ಬಲ ಹಾಕಿ ಬಗ್ಗಿಸಿ, ಬಗ್ಗಿದ ಸ್ಥಿತಿಯಲ್ಲೇ ಉಜ್ಜಿ, ಆಮೇಲೆ ಬಲ ಸಡಿಲಿಸಿದರೆ ಅದು ಬೇಕಾದ ಆಕಾರಕ್ಕೆ ಬರುತ್ತದೆ.

ಆದರೆ ಟೆಲಿಸ್ಕೋಪ್ ನಿಲ್ಲಬೇಕಿದ್ದ ಹವಾಯಿಯ ಮೌನಾ ಕಿಯಾ ಶಿಖರ ಅಲ್ಲಿನ ಮೂಲನಿವಾಸಿಗಳಿಗೆ ಪವಿತ್ರ. ಅವರು ರಸ್ತೆಗಿಳಿದು ಪ್ರತಿಭಟಿಸಿದರು. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಪರವಾನಗಿ ರದ್ದು ಮಾಡಿತು, 2018ರಲ್ಲಿ ಹೊಸ ಪರವಾನಗಿಯನ್ನು ಎತ್ತಿಹಿಡಿಯಿತು, 2019ರಲ್ಲಿ ಮತ್ತೆ ಪ್ರತಿಭಟನೆ ನಡೆಯಿತು. ಕಟ್ಟಡ ಇನ್ನೂ ಮೇಲೇಳಲಿಲ್ಲ. ಹಲವು ದೇಶಗಳ ವಿಜ್ಞಾನಿಗಳು ಒಪ್ಪಿದರೆ ಸಾಲದು, ಬೆಟ್ಟದ ಕೆಳಗೆ ಬದುಕುವವರೂ ಒಪ್ಪಬೇಕು. ಇದಕ್ಕೆ ಹೋಲಿಸಿದರೆ ಹಾನ್ಲೆಯಲ್ಲಿ ಬೇರೆ ದಾರಿ ಹಿಡಿದಿದ್ದಾರೆ. 2022ರಲ್ಲಿ ಆ ಪ್ರದೇಶವನ್ನು ಕಗ್ಗತ್ತಲ ಆಕಾಶದ ಸಂರಕ್ಷಿತ ವಲಯ ಎಂದು ಘೋಷಿಸಲಾಯಿತು. ಬಂದ ಪ್ರವಾಸಿಗರಿಗೆ ನಕ್ಷತ್ರ ತೋರಿಸಲು ಊರಿನ ಯುವಜನರಿಗೇ ತರಬೇತಿ ಮತ್ತು ಟೆಲಿಸ್ಕೋಪ್ ಕೊಟ್ಟರು. ದೀಪ ತಗ್ಗಿಸಿದ್ದಕ್ಕೆ ಊರಿಗೆ ಆದಾಯವೂ ಬಂತು.

ಇನ್ನೊಂದು ಮಿತಿ ಕುರುಡು ಜಾಗದ್ದು. ಸೂರ್ಯನ ದಿಕ್ಕಿನಿಂದ ಬರುವ ಬಂಡೆ ಭೂಮಿಯ ಮೇಲಿನ ಟೆಲಿಸ್ಕೋಪ್‌ಗಳಿಗೆ ಕಾಣುವುದಿಲ್ಲ. ಚೆಲ್ಯಾಬಿನ್ಸ್ಕ್ ಬಂಡೆ ಬಂದದ್ದು ಹಾಗೆಯೇ. ಮೊದಲೇ ಕಂಡರೆ ಮಾತ್ರ ಏನಾದರೂ ಮಾಡಬಹುದು. 2022ರ ಸೆಪ್ಟೆಂಬರ್ 26ರಂದು ನಾಸಾದ 'ಡಾರ್ಟ್' ನೌಕೆ ಡೈಮಾರ್ಫಸ್ ಎಂಬ ಚಿಕ್ಕ ಬಂಡೆಗೆ ಬೇಕೆಂದೇ ಡಿಕ್ಕಿ ಹೊಡೆದು, ಅದು ತನ್ನ ಜೊತೆಗಾರ ಬಂಡೆಯನ್ನು ಸುತ್ತುವ ಸಮಯವನ್ನು ಅರ್ಧ ಗಂಟೆಗೂ ಹೆಚ್ಚು ಕಡಿಮೆ ಮಾಡಿತು. ದಾರಿ ತಪ್ಪಿಸಬಹುದು ಎಂಬುದು ಸಾಬೀತಾಯಿತು. ಅದಕ್ಕೆ ವರ್ಷಗಳ ಮುನ್ಸೂಚನೆ ಬೇಕು, ಮುನ್ಸೂಚನೆಗೆ ಜಾಲ ಬೇಕು.

ಫಾರ್ವರ್ಡ್ ಮಾಡುವ ಮುನ್ನ ಐದು ಪರೀಕ್ಷೆ

1. ಹೆಸರಿದೆಯೇ? ನಿಜವಾದ ಸುದ್ದಿಯಲ್ಲಿ ಕ್ಷುದ್ರಗ್ರಹಕ್ಕೆ ಹೆಸರಿರುತ್ತದೆ. ಹೊಸದಾದರೆ ಮೊದಲು ವರ್ಷ, ನಂತರ ಅಕ್ಷರ. ಮೊದಲ ಅಕ್ಷರ ಪತ್ತೆಯಾದ ಅರ್ಧ ತಿಂಗಳನ್ನು ಹೇಳುತ್ತದೆ. '2024 ವೈಆರ್4'ರಲ್ಲಿ 'ವೈ' ಎಂದರೆ ಡಿಸೆಂಬರ್‌ನ ಎರಡನೇ ಅರ್ಧ. ಬರೀ "ದೈತ್ಯ ಬಂಡೆ" ಎಂದಿದ್ದರೆ ಅನುಮಾನಿಸಿ.
2. ದಿನಾಂಕವಿದೆಯೇ? "ಇವತ್ತು ರಾತ್ರಿ", "ನಾಳೆ" ಎಂದಷ್ಟೇ ಇರುವ ಸಂದೇಶ ಹತ್ತು ವರ್ಷ ಹಳೆಯದಾಗಿರಬಹುದು.
3. ದೂರ ಎಷ್ಟು? "ಭೂಮಿಯ ಸಮೀಪ" ಎಂದು ವಿಜ್ಞಾನಿಗಳು ಹೇಳುವುದು ಲಕ್ಷಾಂತರ ಕಿಲೋಮೀಟರ್ ದೂರಕ್ಕೂ ಇರಬಹುದು. ಚಂದ್ರನಿರುವುದು ಸುಮಾರು 3,84,000 ಕಿಲೋಮೀಟರ್ ದೂರದಲ್ಲಿ. ಅದರೊಂದಿಗೆ ಹೋಲಿಸಿ.
4. ಇನ್ನೊಬ್ಬರೂ ಹೇಳಿದ್ದಾರೆಯೇ? ನಾಸಾ ಹೆಸರಿದ್ದರೆ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಪಟ್ಟಿಯಲ್ಲೂ ಇರಬೇಕು. ಇಬ್ಬರ ಅಪಾಯದ ಪಟ್ಟಿಗಳೂ ಯಾರು ಬೇಕಾದರೂ ನೋಡುವಂತೆ ತೆರೆದಿವೆ.
5. ಅಂಕಿ ಇವತ್ತಿನದೇ? ಸಾಧ್ಯತೆಯ ಶೇಕಡಾವಾರು ವಾರದಲ್ಲೇ ಬದಲಾಗುತ್ತದೆ. ಹಳೆಯ ಅಂಕಿ ಹಂಚಿದರೆ ಸತ್ಯವೂ ಸುಳ್ಳಾಗುತ್ತದೆ.

ಮುಂದಿನ ಸಂದೇಶಕ್ಕೆ ಈಗಲೇ ಸಿದ್ಧರಾಗಿ

2029ರ ಏಪ್ರಿಲ್ 13, ಶುಕ್ರವಾರ. ಸುಮಾರು 340 ಮೀಟರ್ ಅಗಲದ 'ಅಪೋಫಿಸ್' ಕ್ಷುದ್ರಗ್ರಹ ಭೂಮಿಯ ಮೇಲ್ಮೈಯಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ ಹಾದು ಹೋಗುತ್ತದೆ. ನಮ್ಮ ಟಿವಿ ಉಪಗ್ರಹಗಳಿಗಿಂತಲೂ ಹತ್ತಿರ. ಇದು ನಿಜ. ಅದು ಬಡಿಯುವುದಿಲ್ಲ ಎಂಬುದೂ ಅಷ್ಟೇ ನಿಜ. 2004ರಲ್ಲಿ ಪತ್ತೆಯಾದಾಗ 2029ಕ್ಕೆ ಶೇಕಡಾ 2.7ರಷ್ಟು ಸಾಧ್ಯತೆ ಲೆಕ್ಕಕ್ಕೆ ಬಂದಿತ್ತು. ಹೆಚ್ಚಿನ ವೀಕ್ಷಣೆಗಳಿಂದ ಅದು ಅದೇ ತಿಂಗಳು ತಳ್ಳಿಹೋಯಿತು. 2021ರ ರಡಾರ್ ಅಳತೆಗಳ ನಂತರ ಕನಿಷ್ಠ ಮುಂದಿನ 100 ವರ್ಷ ಅಪಾಯವಿಲ್ಲ ಎಂದು ಖಚಿತವಾಯಿತು. ವಿಶ್ವಸಂಸ್ಥೆ 2029ನ್ನು ಕ್ಷುದ್ರಗ್ರಹ ಜಾಗೃತಿಯ ಅಂತರರಾಷ್ಟ್ರೀಯ ವರ್ಷ ಎಂದು ಘೋಷಿಸಿದೆ.

ಆ ವಾರ ನಿಮ್ಮ ಫೋನು ತುಂಬಾ ಬೆಂಕಿಯುಂಡೆಗಳ ಚಿತ್ರ ಬರುವುದು ಗ್ಯಾರಂಟಿ. ಸುಳ್ಳು ಎಚ್ಚರಿಕೆಗಳನ್ನು ಹತ್ತು ಸಲ ಕೇಳಿದ ಕಿವಿ ಹನ್ನೊಂದನೆಯ ಸಲದ ನಿಜವಾದ ಎಚ್ಚರಿಕೆಯನ್ನೂ ತಳ್ಳಿಹಾಕುತ್ತದೆ. ಹಾಗಾಗಿ ಸುಳ್ಳನ್ನು ತಡೆಯುವುದೂ ಈ ಕಾವಲಿನ ಒಂದು ಭಾಗವೇ. ಟೆಲಿಸ್ಕೋಪ್ ನಡೆಸುವ ಕೆಲಸ ಹೊಸಕೋಟೆ, ಚಿಲಿ, ಹವಾಯಿಯವರು ನೋಡಿಕೊಳ್ಳುತ್ತಾರೆ. ಕುಟುಂಬದ ಗುಂಪಿನ ಕಾವಲು ನಿಮ್ಮದು. ಯಾರಾದರೂ ಅಪೋಫಿಸ್ ಹೆಸರಿನಲ್ಲಿ ಹೆದರಿಸಿದರೆ ಕುರ್ಚಿ ಮತ್ತು ಬೀಗದ ಕೈ ಲೆಕ್ಕವನ್ನು ಅವರಿಗೆ ವಿವರಿಸಿ.